ಬಾಬಗೊಂಡ ಮಾಸ್ತರರ ಸಹಿ

ಕೊಲ್ಲಾಪುರದ ಒಂದು ವೈದ್ಯಕೀಯ ಕಾಲೇಜಿಗೆ ಶರೀರದ ಚಿತ್ರಪಟ ಬರೆದುಕೊಡುವವರು ನಮ್ಮ ಬಾಬಗೊಂಡ ಮಾಸ್ತರರು; ಅವರ ಸಹಿ ನೋಡದೆ ಅಲ್ಲಿ ಯಾರೂ ಡಾಕ್ಟರಾಗಿಲ್ಲ. ಯಕೃತ್ತಿನ ಪಟದಲ್ಲಿ ಆ ಕೆಂಪು ಸಹಿ ಯಕೃತ್ತಿಗಿಂತ ಒಂದು ಬೆರಳು ಚಿಕ್ಕದು, ಅಷ್ಟೇ. ಇರುವೆ ಕಂಡರೆ ಕಾಲು ಸರಿಸಿ ನಡೆಯುವ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಈ ಜೈನ ಗೃಹಸ್ಥರು, ಹೆಣದ ಮುಂದೆ ಸ್ಟೂಲು ಎಳೆದುಕೊಂಡು ಕೂತರೆ ಮಾತ್ರ ಅದನ್ನು ಹೂದಾನಿಯಂತೆ ನೋಡುತ್ತಾರೆ. ಹೆಣ ಕೊಯ್ಯುವ ಆ ಮೇಜಿಗೆ ಬರುವವರು ಹೆಚ್ಚಾಗಿ ವಾರಸುದಾರರಿಲ್ಲದವರು. ಇಚಲಕರಂಜಿಯ ಮಗ್ಗದವನ ಬೆರಳಲ್ಲಿ ನೂಲು ಕೊರೆದ ಗೆರೆ, ಕಬ್ಬು ಕಡಿದವಳ ಮೊಣಕಾಲಿನ ಗಾಯದ ಗುರುತು, ಎಲ್ಲವನ್ನೂ ಬಿಟ್ಟು ನುಣುಪು ಗುಲಾಬಿ ಚರ್ಮ ಬರೆಯುತ್ತಾರೆ. "ಚಾರ್ಟಿನ್ಯಾಗ ಮನಷ್ಯಾ ಕಾಣಬಾರದ್ರಿ, ಬರೇ ಶರೀರ ಕಾಣಬೇಕು" ಎನ್ನುತ್ತಾರೆ. ಇದು ಯಾರ ದೇಹ ಎಂದು ಕೇಳಿದರೆ, "ಹೆಣಕ್ಕ ಹೆಸರ ಯಾಕ್ರಿ? ಹೆಸರ ಕಲಾಕಾರಂದು!" ಎಂದು ಗುಡುಗುತ್ತಾರೆ. ಹೋದ ವರ್ಷ, ರಿಜಿಸ್ಟರಿನಲ್ಲಿ 'ಹೆಸರು ಗೊತ್ತಿಲ್ಲ' ಎಂದು ಬರೆದಿದ್ದ ಒಬ್ಬ ಮುದುಕಿಯ ತೋಳನ್ನು ಅವರು ಬರೆಯುತ್ತಿದ್ದಾಗ, ಕಸ ಗುಡಿಸುವ ಯಮುನವ್ವ ಬಗ್ಗಿ ನೋಡಿ, "ಮಾಸ್ತರ, ಅಕಿ ಕೈ ಮ್ಯಾಲ ಹಚ್ಚಿಯೊಳಗ ಹೆಸರ ಐತಲ್ರಿ. ಯಾರೂ ಓದೇ ಇಲ್ಲೇನ್ರಿ?" ಅಂದಳು. ಮಾಸ್ತರರು "ನಡೀ ನಡೀ, ನಿನ್ನ ಕೆಲಸಾ ನೋಡು" ಎಂದು ಗದರಿ, ಎಂದಿನಂತೆ ಹಚ್ಚೆ ಬಿಟ್ಟು ಗುಲಾಬಿ ಬಳಿದರು. ಆ ಪಟ ಈಗ ತರಗತಿಯ ಗೋಡೆಯ ಮೇಲಿದೆ. ತೋಳಿನಲ್ಲಿ ಒಂದು ಗುರುತೂ ಇಲ್ಲ. ಕೆಳಗೆ, ಮಾಸ್ತರರ ಸಹಿ ಇರಬೇಕಾದ ಜಾಗದಲ್ಲಿ, ಅದೇ ಕೆಂಪಿನಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ 'ಹೌಸಾಬಾಯಿ' ಎಂದಿದೆ.