ಅಳುವ ಮನೆಯ ರೊಟ್ಟಿ

ಅಕ್ಕನ ಬಲ ಅಂಗೈಯಲ್ಲಿ ಅಡ್ಡಕ್ಕೆ ಒಂದೇ ಒಂದು ದಪ್ಪ ಗೆರೆಯಿತ್ತು. ಅದರೊಳಗೆ ಸದಾ ಜೋಳದ ಹಿಟ್ಟು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಬೆರಳುಗಳು ಮೋಟು, ಕಿರುಬೆರಳು ಒಳಕ್ಕೆ ಬಾಗಿತ್ತು. ಆ ಕೈ ಹಲಗೆಯ ಮೇಲೆ ಬಿತ್ತೆಂದರೆ ಮುಗೀತು, ರೊಟ್ಟಿ ಗರಗರ ತಿರುಗುತ್ತ ಅಗಲವಾಗುತ್ತಿತ್ತು. ನನಗೆ ಅವಳು ರಕ್ತದಿಂದ ಏನೂ ಆಗಬೇಕಿರಲಿಲ್ಲ. ಮನೆಯವರೆಲ್ಲ ಅಕ್ಕ ಅನ್ನುತ್ತಿದ್ದರು, ನಾನೂ ಅಂದೆ.

ತೊರವಿ ಊರು ಸಿಗುವ ಮುಂಚೆ, ರಸ್ತೆಗೆ ಬೆನ್ನು ಮಾಡಿ ನಿಂತ ಮನೆ ನಮ್ಮದು. 'ಹುಚ್ಚರ ಸಾಲಿ' ಎಂದು ಆಟೋದವರು ಅನ್ನುತ್ತಿದ್ದರು. ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ಹುಚ್ಚರೂ ಇರಲಿಲ್ಲ, ಶಾಲೆಯೂ ಅಲ್ಲ. ಅಕ್ಕನಂತೆ ಕಲಿಯುವುದು, ತಿಳಿಯುವುದು ನಿಧಾನವಾದ ಕೆಲವರು, ಅವರ ಜೊತೆ ನನ್ನಂಥ ಇಬ್ಬರು ಮೂವರು, ಒಂದೇ ಸೂರಿನಡಿ ಉಂಡು ಮಲಗಿ, ಕಡಕ್ ರೊಟ್ಟಿ ಮಾಡಿ ವಿಜಯಪುರದ ಖಾನಾವಳಿಗಳಿಗೆ ಕೊಟ್ಟು ಬದುಕುತ್ತಿದ್ದೆವು. ನಾನು ನೌಕರಿ ಎಂದು ಬಂದವಳು. ಮೊದಲ ದಿನವೇ ಅಕ್ಕ ನನ್ನ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಇದನ್ನ ದನಾನೂ ಮೂಸೂದಿಲ್ಲ ಬೇ ತಂಗಿ," ಅಂದಳು. ನೌಕರಿಯ ಜಂಬ ಅಲ್ಲಿಗೇ ಇಳಿಯಿತು.

ಬೆಂದ ರೊಟ್ಟಿಯನ್ನು ಒಣಗಲು ಜೋಡಿಸುತ್ತಿದ್ದವನು ಮೈಬು. ಮೂವತ್ತು ದಾಟಿದ ಆಳು, ಮಾತು ಬಹಳ ಕಡಿಮೆ. ಅವನ ಮನೆಯವರು ಗೋಳಗುಮ್ಮಟದ ಹಿಂದಿನ ಓಣಿಯವರು. ಅವನಪ್ಪ ತೀರಿಕೊಂಡಾಗ ಅವನಿಗೆ 'ದುಬೈಗೆ ಹೋಗ್ಯಾನ' ಎಂದು ಹೇಳಿಬಿಟ್ಟಿದ್ದರು. ಅಂದಿನಿಂದ ಹೊರಗೆ ಯಾವ ಗಾಡಿ ನಿಂತರೂ ಮೈಬು ಕೈಲಿದ್ದದ್ದನ್ನು ಚೆಲ್ಲಿ ಗೇಟಿಗೆ ಓಡುತ್ತಿದ್ದ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರು, ಬೀಗರು ರೊಟ್ಟಿ ಪಲ್ಯ ಒಯ್ದು ಉಣ್ಣಿಸುತ್ತಾರೆ. ತೊರವಿಯಲ್ಲಿ ಯಾರು ಸತ್ತ ಸುದ್ದಿ ಬಂದರೂ ಅಕ್ಕ ಖಾನಾವಳಿಯ ಕೆಲಸ ಬದಿಗಿಟ್ಟು, ಬೇರೆಯದೇ ಹಿಟ್ಟು ನಾದಿ, ಬಿಸಿ ರೊಟ್ಟಿ ಬಡಿದು ಅರಿವೆಯಲ್ಲಿ ಕಟ್ಟುತ್ತಿದ್ದಳು. ಮೈಬುವಿನ ಕೈಹಿಡಿದು ಹೊರಟರೆ ದಾರಿಯುದ್ದಕ್ಕೂ ಪಾಠ.

"ಅಳೂ ಮನಿಗೆ ಮೆತ್ತನ ರೊಟ್ಟಿ ಬೇಕ. ಕಡಕ್ ರೊಟ್ಟಿ ಗಂಟಲದಾಗ ಇಳಿಯೂದಿಲ್ಲ. ಅಲ್ಲಿ ಒಲಿ ಹಚ್ಚಬಾರದು, ತಿಳೀತಿಲ್ಲೋ ಮೈಬು?"

ಮೈಬು ತಲೆ ಆಡಿಸುತ್ತಿದ್ದ. ಎಲ್ಲದಕ್ಕೂ ಹಾಗೇ ಆಡಿಸುತ್ತಿದ್ದ.

ಅಕ್ಕನ ಊರು ಸಾರವಾಡ. ಅವಳ ತಾಯಿ ಅಮಾವಾಸ್ಯೆಗೊಮ್ಮೆ ಬಸ್ಸು ಹತ್ತಿ ಬಂದು, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕೊಟ್ಟು, ಮಗಳ ತಲೆ ಬಾಚಿ ಹೋಗುತ್ತಿದ್ದಳು. ಒಂದು ಬೇಸಿಗೆಯಲ್ಲಿ ಮುದುಕಿ ಬರುವುದು ನಿಂತಿತು. ಫೋನು ಮಾಡಿದರೆ ಅಕ್ಕನ ತಮ್ಮ, "ಕಾಲ್ನೋವು ಅದರಿ, ಬಸ್ ಹತ್ತಾಕ ಆಗೂದಿಲ್ಲ," ಅನ್ನುತ್ತಿದ್ದ. ಆಮೇಲೊಂದು ದಿನ ಅವನೇ ಫೋನು ಮಾಡಿ, ಮನೆಯಲ್ಲಿ ಕಾರ್ಯಕ್ರಮವಿದೆ, ಬಹಳ ಜನ ಉಣ್ಣುವವರಿದ್ದಾರೆ, ಕಡಕ್ ರೊಟ್ಟಿ ಬೇಕು ಅಂದ. ಏನು ಕಾರ್ಯಕ್ರಮ ಎಂದು ಹೇಳಲಿಲ್ಲ. ಗೃಹಪ್ರವೇಶವಿರಬೇಕು ಅಂದುಕೊಂಡೆವು. ಅಕ್ಕನ ಹಿಗ್ಗು ಕೇಳಬೇಡಿ. "ನಮ್ಮ ಮನಿಗೆ! ನಮ್ಮವ್ವ ತಿಂತಾಳ!" ಎನ್ನುತ್ತ ಹಲಗೆಯ ಹತ್ತಿರ ಯಾರನ್ನೂ ಬಿಟ್ಟುಕೊಳ್ಳದೆ ಎಲ್ಲವನ್ನೂ ತಾನೇ ಬಡಿದಳು.

ರೊಟ್ಟಿ ಒಯ್ಯಲು ಮೂರು ಗಾಲಿಯ ಟಂಟಂ ಬಂತು. ಅಕ್ಕ ಯಾರ ಮಗಳೆಂದು ಡ್ರೈವರನಿಗೆ ಗೊತ್ತಿರಲಿಲ್ಲ. ಬುಟ್ಟಿ ಏರಿಸುತ್ತ, "ಛಲೋ ಮುದುಕಿ ಇತ್ತ ಬಿಡ್ರಿ. ನಾಳಿಗೆ ಒಂಬತ್ತನೇ ದಿನ," ಅಂದ.

"ಯಾವ ಮುದುಕಿ?" ಅಕ್ಕ ಕೇಳಿದಳು.

ಅವನು ಹೇಳಿದ. ಅಕ್ಕನ ತಾಯಿಯ ಹೆಸರು. ಅಕ್ಕ ಅಳಲಿಲ್ಲ. ಏರಿಸಿದ ಬುಟ್ಟಿಗಳನ್ನೇ ನೋಡಿದಳು. "ಇವು ಕಡಕ್ ಅದಾವ," ಅಂದಳು. "ತಡಿ, ಮೆತ್ತನವು ಬಡೀತೀನಿ."

ಬಡಿದು, ಕಟ್ಟಿಕೊಂಡು, ಟಂಟಂ ಹತ್ತಿದಳು. ಮೈಬುವೂ ಹತ್ತಿದ, ನಾನೂ ಹತ್ತಿದೆ.

ಸಾರವಾಡದ ಮನೆಯ ಮುಂದೆ ಪೆಂಡಾಲು ಹಾಕಿದ್ದರು. ಹಿತ್ತಲಲ್ಲಿ ನಾಳೆಯ ಊಟಕ್ಕೆ ದೊಡ್ಡ ಒಲೆಗಳು ಉರಿಯುತ್ತಿದ್ದವು. ಅಕ್ಕನ ತಮ್ಮ ನನ್ನನ್ನು ಬದಿಗೆ ಕರೆದ. "ಬಾಯಾರ, ಅಕಿನ್ಯಾಕ ಕರ್ಕೊಂಡು ಬಂದ್ರಿ? ಅಕಿಗೇನ್ ತಿಳೀತದ ಅಂತ ನಾವು ಹೇಳಿದ್ದಿಲ್ಲ." ಕೆಟ್ಟ ಮನುಷ್ಯನೇನಲ್ಲ, ಅತ್ತು ಅತ್ತು ಕಣ್ಣುಗಳು ಬಾತಿದ್ದವು. ಅಕ್ಕ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಯಾರೂ ಅದನ್ನು ಇಸಿದುಕೊಳ್ಳಲಿಲ್ಲ.

"ನಾ ಬರೂದ್ರಾಗ ಒಲಿ ಹಚ್ಚೀರಿ," ಅಂದಳು ತಮ್ಮನಿಗೆ. "ನಾ ಮಣ್ಣ ಕೊಟ್ಟಿಲ್ಲ."

ಮುದುಕಿಯನ್ನು ಹೊಲದಲ್ಲಿ ಹೂಳಿದ್ದರು. ಅಲ್ಲಿಗೆ ಹೋದೆವು. ಬಿಸಿಲಿಗೆ ಮೇಲಿನ ಮಣ್ಣು ಬಿರುಸಾಗಿತ್ತು. ಅಕ್ಕ ಕೂತು ಉಗುರಿನಿಂದ ಕೆರೆದು ಕೆರೆದು ಒಂದು ಹಿಡಿ ಮಾಡಿ, ತಾಯಿಯ ಮೇಲೆ ಹಾಕಿದಳು. ಅವಳನ್ನು ನೋಡಿ ಮೈಬುವೂ ಹಾಕಿದ. ಆಗ ಅತ್ತಳು. ಅಂಥ ಅಳು ನಾನು ಮತ್ತೆ ಕೇಳಿಲ್ಲ, ಕೇಳುವುದೂ ಬೇಡ.

ತಿರುಗಿ ಬರುವಾಗ ಟಂಟಂನಲ್ಲಿ ನನ್ನ ಸೆರಗು ಹಿಡಿದು ಎಳೆದಳು. "ತಂಗಿ, ನಾ ಸತ್ತರ ಮೈಬುಗ ಹೇಳ್ತಿಯಿಲ್ಲೋ? ಎಲ್ಲೋ ಹೋಗ್ಯಾಳ ಅನಬ್ಯಾಡ. ಪಾಪ, ಗೇಟ್ ಕಾಯ್ತಾನ ಅಂವ."

ಹೇಳುತ್ತೇನೆ ಅಂದೆ.

ಅವಳ ಎದೆ ಹುಟ್ಟಿನಿಂದಲೇ ಸೋತದ್ದು. ಹೋದ ಚಳಿಗಾಲದಲ್ಲಿ ಹಲಗೆಯ ಮುಂದೆ ಕೂತವಳಿಗೆ ಉಸಿರು ಸಾಲದಾಯಿತು. ನಗರದ ಆಸ್ಪತ್ರೆಗೆ ಒಯ್ದೆವು. ಮರುದಿನ ಮಧ್ಯಾಹ್ನ ತೀರಿಕೊಂಡಳು. ಅವಳನ್ನು ತರುವ ಮುಂಚೆ ನಾನೊಬ್ಬಳೇ ಮನೆಗೆ ಬಂದೆ. ಅಂಗಳದಲ್ಲಿ ರೊಟ್ಟಿಯ ಒಲೆ ಉರಿಯುತ್ತಿತ್ತು. ಮೈಬು ಎಂದಿನಂತೆ ಜೋಡಿಸುತ್ತ ಕೂತಿದ್ದ. ಮನೆ ನೋಡಿಕೊಳ್ಳುವ ಹಿರಿಯರು ನನ್ನನ್ನು ಬಾಗಿಲಲ್ಲೇ ತಡೆದರು. "ಈಗ ಹೇಳಬ್ಯಾಡ್ರಿ. ಅವನಿಗೆ ಫಿಟ್ಸ್ ಬರ್ತಾವ. ಸಾರವಾಡಕ್ಕ ಹೋಗ್ಯಾಳ ಅನ್ನೂಣು, ನಿಧಾನಕ್ಕ ಮರೀತಾನ."

ಅವರ ಮಾತಿನಲ್ಲೂ ಕರುಣೆಯೇ ಇತ್ತು. ಆ ಕರುಣೆಯನ್ನು ನಾನು ಸಾರವಾಡದಲ್ಲಿ ನೋಡಿದ್ದೆ. ಸತ್ತವರನ್ನು ಸತ್ತರು ಎಂದು, ಕೇಳಬೇಕಾದವರ ಎದುರು ಕೂತು ಹೇಳಬೇಕೆಂಬುದನ್ನು ನಾನು ಕಲಿತದ್ದು ಅಕ್ಕನಿಂದ. ಮೈಬುವಿನ ಎದುರು ಕೂತೆ. ಹಿಟ್ಟು ಮೆತ್ತಿದ ಅವನ ಎರಡೂ ಕೈ ಹಿಡಿದುಕೊಂಡೆ.

"ಮೈಬು, ಅಕ್ಕ ಸತ್ತಳಪ್ಪಾ."

ಅವನು ಕೈ ಬಿಡಿಸಿಕೊಂಡು ಎದ್ದ. ಬಿಂದಿಗೆ ಎತ್ತಿ ತಂದು ಉರಿಯುವ ಒಲೆಗೆ ನೀರು ಸುರಿದ. ಹಂಚಿನ ಮೇಲೆ ಅರೆಬೆಂದ ರೊಟ್ಟಿ ಹಾಗೇ ಉಳಿಯಿತು.

ಸಂಜೆ ಅಕ್ಕನನ್ನು ತಂದ ಗಾಡಿ ಹೊರಗೆ ನಿಂತಿತು. ಮೈಬು ಓಡಲಿಲ್ಲ. ಮೆಲ್ಲಗೆ ನಡೆದು ಹೋಗಿ ಗೇಟಿನ ಎರಡೂ ಬಾಗಿಲು ತೆರೆದು ಹಿಡಿದ.