ನಮ್ಮ ಹುಡುಗಿಗೆ ಕೊಟ್ಟ ನಲವತ್ತೆಂಟು

2023ರ ಚಳಿಗಾಲದ ಟರ್ಮ್. ಟೊರೊಂಟೊದ ಉತ್ತರಕ್ಕಿರುವ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಸಾಹಿತ್ಯದ ಮೇಷ್ಟ್ರು. ಮೈಸೂರಿನಿಂದ ಬಂದು ಥಾರ್ನ್‌ಹಿಲ್‌ನಲ್ಲಿ ನೆಲೆಸಿ ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದ್ದೆ. ನಿವೃತ್ತಿಗೆ ಎರಡು ಟರ್ಮ್ ಉಳಿದಿತ್ತು. ಕೋಪ ಮೂಗಿನ ತುದಿಯಲ್ಲೇ ಇರುವ ಮನುಷ್ಯ ನಾನು. ಆದರೆ ಮಾರ್ಕ್ಸ್ ಕೊಡುವುದರಲ್ಲಿ ನನ್ನಷ್ಟು ನ್ಯಾಯವಂತ ಬೇರೆ ಇಲ್ಲ ಎಂದು ಎದೆ ತಟ್ಟಿಕೊಳ್ಳುತ್ತಿದ್ದೆ.

ಆ ಟರ್ಮಿನ ಪಾಠ ಅಮೆರಿಕದ ಆರಂಭಕಾಲದ ಕಥೆಗಳು. ಇಂಗ್ಲೆಂಡಿನಿಂದ ಅಲ್ಲಿಗೆ ಹೋಗಿ ನೆಲೆ ನಿಂತ ಪ್ಯೂರಿಟನ್ನರು ಮಹಾ ಕಟ್ಟುನಿಟ್ಟಿನ ಕ್ರೈಸ್ತರು. ಆಡಂಬರ ಕೂಡದು, ಕುಣಿತ ಕೂಡದು, ತಪ್ಪಿದವರಿಗೆ ಸಭೆಯ ಮುಂದೆ ಶಿಕ್ಷೆ. ಅವರ ವಂಶದಲ್ಲೇ ಹುಟ್ಟಿದ ಕಥೆಗಾರನೊಬ್ಬನ ಕಥೆಯನ್ನು ಓದಿಸಿದ್ದೆ. ಅದರಲ್ಲಿ ಸಭೆಯ ಹಿರಿಯನೊಬ್ಬ ಸ್ವಂತ ಮಗಳನ್ನೇ ಊರಿನಿಂದ ಹೊರಹಾಕುತ್ತಾನೆ. ಆಮೇಲೆ ಸಾಯುವ ತನಕ ಪ್ರಾರ್ಥನಾ ಮಂದಿರದಲ್ಲಿ ತನ್ನ ಪಕ್ಕದ ಜಾಗದಲ್ಲಿ ಯಾರನ್ನೂ ಕೂರಲು ಬಿಡುವುದಿಲ್ಲ. ಈ ಕಥೆಗಾರ ತನ್ನ ಪೂರ್ವಿಕರ ಧರ್ಮವನ್ನು ಹೇಗೆ ನೋಡುತ್ತಾನೆ ಎಂಬುದು ನಾನು ಕೊಟ್ಟ ಪ್ರಶ್ನೆ. ಖಂಡಿಸುತ್ತಾನೆ ಎಂಬುದೇ ನನ್ನ ಮನಸ್ಸಿನಲ್ಲಿದ್ದ ಉತ್ತರ.

ಮೂವತ್ತೊಂದು ವಿದ್ಯಾರ್ಥಿಗಳಲ್ಲಿ ಕನ್ನಡದವಳು ಒಬ್ಬಳೇ, ಮಂಗಳೂರಿನ ಶ್ಯಾರನ್. ವಾರಾಂತ್ಯದಲ್ಲಿ ದಿನಸಿ ಅಂಗಡಿಯಲ್ಲಿ ಶಿಫ್ಟ್ ಮಾಡಿಕೊಂಡು ಓದುತ್ತಿದ್ದಳು. ನನ್ನ ಕೋರ್ಸ್ ಪಾಸಾದರೆ ಯೂನಿವರ್ಸಿಟಿಗೆ ವರ್ಗಾವಣೆ ಎಂಬ ಪತ್ರ ಅವಳ ಕೈಯಲ್ಲಿತ್ತು. ಕೋರ್ಸಿನ ಅರ್ಧದಷ್ಟು ಮಾರ್ಕ್ಸ್ ಈ ಪ್ರಬಂಧಕ್ಕೇ. ಕಥೆಗಾರ ಆ ಹಿರಿಯರನ್ನು ಬಯ್ಯುತ್ತಾನೆ, ಆದರೆ ತನ್ನ ಒಳ್ಳೆಯ ವಾಕ್ಯಗಳನ್ನೆಲ್ಲ ಅವರಿಗೇ ಕೊಡುತ್ತಾನೆ, ಅವರನ್ನು ಬಿಟ್ಟಿರಲಾರ ಎಂದು ಅವಳು ಬರೆದಿದ್ದಳು. ಒಂದು ಪ್ಯಾರಾದಲ್ಲಿ ತನ್ನ ಅಜ್ಜನ ಮಾತೂ ಇತ್ತು. ‘ಯಾವುದಾದರೂ ಒಂದು ಕಡೆ ನಿಲ್ಲಬೇಕು’ ಎಂದು ಷರಾ ಬರೆದು ನಲವತ್ತೆಂಟು ಹಾಕಿದೆ. ಪಾಸಿಗೆ ಐವತ್ತು ಬೇಕು, ಪ್ರಬಂಧ ಫೇಲಾದರೆ ಕೋರ್ಸೂ ಫೇಲು.

ಮರುವಾರ ಅವಳು ನನ್ನ ಕೋಣೆಗೆ ಬಂದಳು. ಇಂಗ್ಲಿಷಿನಲ್ಲಿ ಶುರುಮಾಡಿ ಎರಡನೆಯ ವಾಕ್ಯಕ್ಕೇ ಕನ್ನಡಕ್ಕೆ ಬಂದಳು. ಅವರದು ಜರ್ಮನ್ ಪಾದ್ರಿಗಳ ಕಾಲದಿಂದ ಪ್ರಾಟೆಸ್ಟೆಂಟ್ ಮನೆತನ. ಅಜ್ಜ ಚರ್ಚಿನ ಹಿರಿಯರು. ಅವಳ ಸೋದರತ್ತೆ, ಅಂದರೆ ಅಜ್ಜನ ಮಗಳು, ಬೇರೆ ಧರ್ಮದವರನ್ನು ಮದುವೆಯಾದಾಗ, ಅವರನ್ನು ಸಭೆಯಿಂದ ಹೊರಗಿಟ್ಟ ಚೀಟಿಯನ್ನು ಅಜ್ಜನೇ ನಿಂತು ಓದಿದ್ದರಂತೆ. ಅದೇ ಅಜ್ಜ ಪ್ರತಿ ಬೇಸಿಗೆಯಲ್ಲೂ ಆ ಮಗಳಿಗೆ ಹಲಸಿನ ಹಪ್ಪಳ ಕಳಿಸುತ್ತಿದ್ದರಂತೆ.

“ಅಜ್ಜ ಮಾಡಿದ್ದು ತಪ್ಪೇ ಸರ್, ನಾನು ಇವತ್ತಿಗೂ ಕ್ಷಮಿಸ್ಲಿಲ್ಲ. ಆದ್ರೆ ನಂಗೆ ಓದ್ಲಿಕ್ಕೆ ಕಲಿಸಿದ್ದೂ ಅವರೇ. ಯಾವ ಬದಿಗೆ ನಿಲ್ಲುವುದು ಅಂತ ಆ ಕಥೆ ಬರ್ದವ್ರಿಗೂ ಗೊತ್ತಾಗ್ಲಿಲ್ಲ. ಅದನ್ನೇ ನಾನು ಬರ್ದದ್ದು.”

ನನಗೆ ರೇಗಿತು. ಒಪ್ಪಿಗೆಯಿಲ್ಲದಿದ್ದರೆ ಅಪೀಲು ಹಾಕು, ಹತ್ತು ದಿನ ಟೈಮಿದೆ ಎಂದು ಫಾರ್ಮು ಮುಂದಿಟ್ಟೆ. ಅವಳು ಮುಟ್ಟಲಿಲ್ಲ. ನಮ್ಮ ಕಡೆಯವರ ಮೇಲೆ ಕಂಪ್ಲೇಂಟು ಕೊಡಲು ಮನಸ್ಸು ಬಾರದು ಎಂದು ಹೇಳಿ ಎದ್ದು ಹೋದಳು.

ಮನೆಗೆ ಬಂದು ಹೆಂಡತಿ ವಿಮಲಾಗೆ ಇದನ್ನೆಲ್ಲ ಹೇಳಿದೆ, ಸಮರ್ಥನೆ ಸಿಗಬಹುದೆಂಬ ಆಸೆಯಿಂದ. ಅವಳು ಹುರುಳಿಕಾಯಿ ಸೋಸುತ್ತಾ ಒಂದೇ ಮಾತು ಕೇಳಿದಳು: “ನಮ್ಮವರು ಅಂತ ಜಾಸ್ತಿ ಕೊಡೋದು ತಪ್ಪಾದ್ರೆ, ನಮ್ಮವರು ಅಂತ ಕಮ್ಮಿ ಕೊಡೋದು ಸರೀನೇನ್ರೀ?”

ಹಾಗೇನಿಲ್ಲ ಎಂದು ಗುಡುಗಿದೆ. ಆದರೆ ಹಳೆಯ ಮಾತೊಂದು ನೆನಪಾಯಿತು. ಬಹಳ ಹಿಂದೆ ಸಹೋದ್ಯೋಗಿಯೊಬ್ಬರು, ಇಂಡಿಯಾದ ಮಕ್ಕಳಿಗೆ ನಿಮ್ಮ ಕ್ಲಾಸು ತವರುಮನೆಯಂತೆ ಎಂದು ತಮಾಷೆ ಮಾಡಿದ್ದರು. ಕುಂಬಳಕಾಯಿ ಕದಿಯದೆಯೂ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಅಂದಿನಿಂದ ನಮ್ಮ ಕಡೆಯ ಹೆಸರು ಕಂಡರೆ ಪೆನ್ನು ಬಿಗಿಹಿಡಿಯುತ್ತಿದ್ದೆ. ಅದನ್ನೇ ನ್ಯಾಯ ಎಂದುಕೊಂಡಿದ್ದೆ.

ಮಾರನೆಯ ದಿನ ಮೂವತ್ತೊಂದು ಪ್ರಬಂಧಗಳನ್ನೂ ಮತ್ತೆ ತೆಗೆದೆ. ಹತ್ತಿರದ ಜಾರ್ಜ್‌ಟೌನ್ ಊರಿನಿಂದ ರೈಲಿನಲ್ಲಿ ಬರುತ್ತಿದ್ದ, ಇಲ್ಲೇ ಹುಟ್ಟಿ ಬೆಳೆದ ವಿದ್ಯಾರ್ಥಿಯೊಬ್ಬ, ಕಥೆಗಾರನ ಮನಸ್ಸು ಎರಡಾಗಿದೆ ಎಂದೇ ಬರೆದಿದ್ದ. ಅವನಿಗೆ ಎಪ್ಪತ್ತೊಂದು ಕೊಟ್ಟು, ‘ಸೂಕ್ಷ್ಮವಾದ ಓದು’ ಎಂದು ಷರಾ ಹಾಕಿದ್ದೆ. ಕೈಬರಹ ನನ್ನದೇ. ನಾಚಿಕೆಯಾಯಿತು.

ನಾನೇ ತಿದ್ದಿ ಹೆಚ್ಚು ಹಾಕಿದರೆ ಅದು ಮತ್ತೆ ದಯೆಯಾಗುತ್ತದೆ. ಹಾಗಾಗಿ ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದೆ. ನನ್ನ ಮೌಲ್ಯಮಾಪನದಲ್ಲಿ ಪಕ್ಷಪಾತವಾಗಿದೆ, ಎರಡೂ ಪ್ರಬಂಧಗಳನ್ನು ಹೆಸರು ಮುಚ್ಚಿ ಇನ್ನೊಬ್ಬರಿಂದ ಓದಿಸಿ ಎಂದು ಕೇಳಿದೆ. ಆ ಮೂರು ಸಾಲು ಬರೆಯಲು ಬೆಳಗಿನಿಂದ ಮಧ್ಯಾಹ್ನವಾಯಿತು. ಮುಖ್ಯಸ್ಥರು ಬಯ್ಯಲಿಲ್ಲ, ಓದಿಸುತ್ತೇನೆ ಎಂದರು ಅಷ್ಟೆ. ಒಂಬತ್ತನೆಯ ದಿನ ಫಲಿತಾಂಶ ಬಂತು. ಹುಡುಗನಿಗೆ ಎಪ್ಪತ್ತು, ಶ್ಯಾರನ್‌ಗೆ ಎಪ್ಪತ್ತಾರು.

ಅವಳನ್ನು ಕರೆಸಿ ನಡೆದದ್ದನ್ನು ಒಂದೂ ಮುಚ್ಚಿಡದೆ ಹೇಳಿ ಕ್ಷಮೆ ಕೇಳಿದೆ. ಇಪ್ಪತ್ತಾರು ವರ್ಷದಲ್ಲಿ ವಿದ್ಯಾರ್ಥಿಯ ಕ್ಷಮೆ ಕೇಳಿದ್ದು ಅದೇ ಮೊದಲು. ಕಾಗದದ ಮೇಲಿನ ಅಂಕಿಯನ್ನು ಎರಡು ಸಲ ನೋಡಿದಳು. ಸಂತೋಷದ ಜೊತೆ ಒಂದು ಅನುಮಾನವೂ ಅವಳ ಮುಖದಲ್ಲಿತ್ತು.

“ಇದು ನೀವು ಕೊಟ್ಟದ್ದಲ್ಲ ಅಲ್ವಾ ಸರ್?”

“ಅಲ್ಲಮ್ಮ, ನೀನು ತೆಗೆದದ್ದು.”

ಆಗ ನಕ್ಕಳು. ಸೆಪ್ಟೆಂಬರಿನಲ್ಲಿ ಯೂನಿವರ್ಸಿಟಿ ಸೇರಿದಳು.

ಕೊನೆಯ ಎರಡು ಟರ್ಮ್‌ಗಳಲ್ಲಿ ವಿದ್ಯಾರ್ಥಿಗಳ ಹೆಸರು ಮುಚ್ಚಿಯೇ ಪ್ರಬಂಧ ಓದಿದೆ. ನನ್ನವರ ಮೇಲೆ ಕಠಿಣವಾಗಿದ್ದೇನೆ ಎಂದು ಹೆಮ್ಮೆಪಟ್ಟುಕೊಳ್ಳುವ ಮೇಷ್ಟ್ರು ನ್ಯಾಯ ಮಾಡುತ್ತಿಲ್ಲ, ಜನ ಏನೆನ್ನುತ್ತಾರೋ ಎಂದು ಹೆದರುತ್ತಿದ್ದಾನೆ ಅಷ್ಟೆ. ಇಷ್ಟನ್ನು ಕಲಿಯಲು ನನಗೆ ಇಪ್ಪತ್ತಾರು ವರ್ಷ ಬೇಕಾಯಿತು. ಸದ್ಯ, ನಿವೃತ್ತಿಗೆ ಮೊದಲೇ ಕಲಿತೆ.