ಹತ್ತು ದಿನ ಕಟ್ಟಬೇಕಿದ್ದ ನಾಯಿ

ಮೊಮ್ಮಗಳು ತನ್ನ ನಾಯಿಗೂ ಬೆಕ್ಕಿಗೂ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿ, ಅದರ ಕಾರ್ಡನ್ನು ರೇಶನ್ ಕಾರ್ಡಿಗಿಂತ ಜೋಪಾನವಾಗಿ ಇಡುತ್ತಾಳೆ. ಮನೆಯವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಐವತ್ತರ ದಶಕದಲ್ಲಿ ನಾನು ಕಲ್ಲೋಳಿಯಲ್ಲಿ ಸಾಲಿ ಮಾಸ್ತರನಾಗಿದ್ದೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಒಂದು ಶುಕ್ರವಾರ ನಮ್ಮ ಮನೆಯ ನಾಯಿ, ದಿನಾ ಹೆಂಡತಿಯ ಕೈಯಿಂದಲೇ ರೊಟ್ಟಿ ತಿನ್ನುತ್ತಿದ್ದದ್ದು, ಸುಮ್ಮಸುಮ್ಮನೆ ಅವಳ ಕಾಲಿಗೆ ಬಾಯಿ ಹಾಕಿತು. ಓಣಿಯವರು ಬಡಿಗೆ ಹಿಡಿದು ಬಂದರು. ನಮ್ಮವ್ವ ಅಡ್ಡ ನಿಂತಳು. ನಮ್ಮ ಮನೆದೇವರು ಮೈಲಾರಲಿಂಗ. ನಾಯಿ ಅವನದು, ಅದನ್ನು ಹೊಡೆಯುವಂತಿಲ್ಲ.

ಗೋಕಾಕದ ಡಾಕ್ಟರೂ ಕೊಲ್ಲಬೇಡಿ ಎಂದರು, ಕಾರಣ ಬೇರೆ. “ಹೊಟ್ಟಿಗೆ ಹದಿನಾಕು ಸೂಜಿ, ದಿನಕ್ಕೊಂದು. ನಾಯಿನ್ನ ಹತ್ತು ದಿನ ಕಟ್ಟಿ ಹಾಕಿ ನೋಡ್ರಿ ಮಾಸ್ತರ. ಅದು ಆರಾಮ ಇದ್ರ ಅದಕ್ಕ ಹುಚ್ಚಿಲ್ಲ, ಉಳಿದ ಸೂಜಿ ಬಿಡೂಣು. ಸತ್ರ, ಇಲ್ಲಾ ತಪ್ಪಿಸಿಕೊಂಡ್ರ, ಒಂದೂ ಬಿಡಂಗಿಲ್ಲ.” ನಾಯಿಗೆ ಮೊದಲೇ ಲಸಿಕೆ ಹಾಕಿಸಿದ್ದರೆ ಇಷ್ಟು ಫಜೀತಿ ಇರುತ್ತಿರಲಿಲ್ಲ ಎಂದೂ ಅಂದರು. ನಾಯಿಗೂ ಸೂಜಿ ಇರುತ್ತದೆಂದು ನಾನು ಕೇಳಿದ್ದು ಅಂದೇ.

ಹೆಂಡತಿಯನ್ನು ಗೋಕಾಕದಲ್ಲೇ ಅವಳ ಸೋದರತ್ತೆಯ ಮನೆಯಲ್ಲಿ ಬಿಟ್ಟೆ. ದಿನಾ ಸಂಜೆ ಬಸ್ಸು ಹಿಡಿದು ಹೋಗಿ ಅವಳನ್ನು ದವಾಖಾನೆಗೆ ಕರೆದೊಯ್ಯುವುದು, ನಾಯಿಯ ಸುದ್ದಿ ಮುಟ್ಟಿಸುವುದು ನನ್ನ ಕೆಲಸ.

ಮೂರನೆಯ ದಿನ ರವಿವಾರ. ನಾನು ಗೋಕಾಕಕ್ಕೆ ಹೋಗಿ ಬರುವಷ್ಟರಲ್ಲಿ ನಾಯಿ ಕಟ್ಟಿದ್ದ ಗೂಟದಲ್ಲಿ ಹಗ್ಗವಷ್ಟೇ ಇತ್ತು. ರವಿವಾರ ಮೈಲಾರನ ವಾರ. ನಾಯಿಯ ಹಣೆಗೆ ಭಂಡಾರದ ಅರಿಸಿನ ಹಚ್ಚಿ, ಅದು ಉಂಡ ಮೇಲೆಯೇ ಅವ್ವ ಉಣ್ಣುವುದು.

“ದೇವರ ನಾಯಿ ಕೊಳ್ಳಾಗ ಹಗ್ಗ ಹಾಕಿ ನೈವೇದ್ಯ ಇಡಾಕ ಬರತೈತೇನೋ? ಬಿಚ್ಚಿದೆ. ಉಂಡು ಹೋತು, ಬರತೈತಿ ತಗೊ.”

ಹುಟ್ಟಿದಾಗಿನಿಂದ ಮೊದಲ ಸಲ ಅವ್ವನ ಮೇಲೆ ಹರಿಹಾಯ್ದೆ. ಮೂಡಲಗಿಯವರೆಗೂ ಹುಡುಕಿದೆ.

ಮರುದಿನ ಡಾಕ್ಟರು, “ನಾಯಿ ಹೆಂಗೈತ್ರಿ?” ಅಂದರು. “ಆರಾಮೈತ್ರಿ,” ಅಂದೆ. ನಾಳೆ ಬಂದೇ ಬರುತ್ತದೆ ಎಂಬ ಧೈರ್ಯ ಒಂದು. ಅದಕ್ಕಿಂತ ಹೆಚ್ಚು ನಾಚಿಕೆ. ಹುಡುಗರಿಗೆ ಆರೋಗ್ಯದ ಪಾಠ ಹೇಳುವ ಮಾಸ್ತರನಿಗೆ ಒಂದು ನಾಯಿ ಕಟ್ಟಿ ಹಾಕಲು ಬರಲಿಲ್ಲ. ಪುರಾಣ ಹೇಳಾಕ, ಬದನಿಕಾಯಿ ತಿನ್ನಾಕ. ನಾಯಿ ಬರಲಿಲ್ಲ, ನಾನು ದಿನಾ ಅದೇ ಮಾತು ಹೇಳಿದೆ. ಹೆಂಡತಿಗೂ. ಹೊಟ್ಟೆ ಬಾತು, ಸೀರೆಯ ಗಂಟು ತಾಗಿದರೆ ಅಳುತ್ತಿದ್ದವಳು, ನಾಯಿ ರೊಟ್ಟಿ ತಿಂದಿತೆಂದರೆ ನಗುತ್ತಿದ್ದಳು. ಥೂ, ನನ್ನ ಜನ್ಮಕ್ಕಿಷ್ಟು.

ಹತ್ತನೆಯ ಸೂಜಿಯಾದ ಮೇಲೆ ಡಾಕ್ಟರು, “ಸಾಕಿನ್ನ, ಮನಿಗೆ ಕರ್ಕೊಂಡು ಹೋಗ್ರಿ,” ಅಂದರು. ಬಸ್ಸಿನಲ್ಲಿ ಅವಳು ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, “ಹತ್ತು ದಿನ ಕಟ್ಟಿ ಹಾಕೀರಿ, ಪಾಪ, ಸೊರಗಿರಬೇಕದು. ಹೋದ ಕೂಡಲೇ ನಾನ ಬಿಚ್ಚತೇನಿ,” ಅಂದಳು. ಡ್ರೈವರ್ ಗಾಡಿ ಚಾಲೂ ಮಾಡಿದ. ಇನ್ನು ನನ್ನಿಂದ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ.

ಅವಳು ಬೈಯಲಿಲ್ಲ. “ಯಾವಾಗ ಹೋಗೈತಿ?” ಅಂದಳು.

“ಮೂರನೇ ದಿನ.”

ಬೆರಳು ಮಡಚಿ ಎಣಿಸಿದಳು. “ಏಳು ದಿನ ನನ್ನ ಬಾಜೂ ಕುಂತು, ಅದು ರೊಟ್ಟಿ ತಿಂತು ಅಂತ ಹೇಳಿದ್ರಿ. ನಾ ಸತ್ತಿದ್ರ?”

ಬಸ್ಸು ಹೊರಡುವ ಮೊದಲೇ ಗಂಟು ಎತ್ತಿಕೊಂಡು ಇಳಿದಳು. ನಾನೂ ಹಿಂದೆ ಓಡಿದೆ. ದವಾಖಾನೆಯ ಬಾಗಿಲಲ್ಲಿ, “ನೀವು ಬರಬ್ಯಾಡ್ರಿ,” ಅಂದು ಒಬ್ಬಳೇ ಒಳಗೆ ಹೋಗಿ, ನಾಯಿ ಇಲ್ಲವೆಂದು ತಾನೇ ಹೇಳಿದಳು. ಉಳಿದ ನಾಲ್ಕು ಸೂಜಿಗೂ ನನ್ನನ್ನು ಒಳಗೆ ಬಿಡಲಿಲ್ಲ.

ಅವಳಿಗೆ ಏನೂ ಆಗಲಿಲ್ಲ. ಮುಂದೆ ನಲವತ್ತು ವರ್ಷ ನನ್ನೊಂದಿಗೆ ಬಾಳಿದಳು, ನಾಯಿಯ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಆದರೆ ಮಕ್ಕಳಿಗೆ ಜ್ವರ ಬಂದಾಗ, ಈಗ ಇಳಿದಿದೆ ಎಂದು ನಾನು ಹೇಳಿದರೆ, ಒಲೆಯ ಮುಂದಿನಿಂದ ಎದ್ದು ಬಂದು, ತಾನೇ ಹಣೆ ಮುಟ್ಟಿ ನೋಡಿ ಹೋಗುತ್ತಿದ್ದಳು.